ಕಲಾಯಿ

ಒಂಬತ್ತು ವರ್ಷದಾಂವ ನಾ, ಮೊದಲ ಸಲ ಇಳಿದಾಗ
ತೆಗ್ಗಿನಾಳ ದೇಸಗತಿ ವಾಡೇದ ಕೊಪ್ಪರಿಗ್ಯಾಗ.
ಡೋಣಿ ಹೊಳಿ ಉಸುಕು, ಹಳೇ ಹುಣಸಿಹಣ್ಣು,
ಕಂಠಕ್ಕ ಎರಡೂ ಕೈ ಕೊಟ್ಟು, ಬರಿಗಾಲಿಲೆ
ಗಿರಗಿರ ತಿಕ್ಕೋದು.
ಅಜ್ಜ ಲಾಡ್ಲೇಸಾಬ ಹೊರಗ ತಿದಿ ಒತ್ತಿಕೋತ ಅಂತಿದ್ದ:
"ಕುಣಿಯಲೇ, ಕುಣಿ.
ಇದರೊಳಗ ನಿಂತಷ್ಟು ಹೊತ್ತು
ವಾಡೇದೊಳಗ ನಿಂತಂಗ."

ಹೊಸ್ತಿಲ ದಾಟಾಕ ನಮಗೆಲ್ಲಿತ್ತು ಹಕ್ಕು?
ಭಾಂಡೆಕ್ಕಿತ್ತು.
ಮೈ ಕಪ್ಪು ಮಾಡಿಕೊಂಡು ಹೊರಗ ಬರತಿತ್ತು,
ಬೆಳ್ಳಗಾಗಿ ಒಳಗ ಹೋಗತಿತ್ತು.

ಕಂಠದ ಮ್ಯಾಲ ಅಕ್ಷರ.
ಒಂದು ಸಾಲು ಬಲದಿಂದ ಎಡಕ್ಕ ಹರಿಯೋದು,
ಬಾದಶಾಹಿ ಕಾಲದ್ದಂತ. ಅಜ್ಜಗ ಓದಾಕ ಬರತಿದ್ದಿಲ್ಲ,
ಆದರೂ ಆ ಸಾಲಿನ ಮ್ಯಾಲ ಉಸುಕು ಹಾಕಗೊಡತಿದ್ದಿಲ್ಲ.
ಅದರ ಬೆನ್ನಿಗೆ ಮೋಡಿ, ಸಿಕ್ಕುಬಿದ್ದ ದಾರದಂಗ,
ದೇಸಾಯರ ಹಿರಿಯರು ಪುಣೆದವರ ಕಡಿ ಜಿಗಿದಾಗಿಂದು.
ನನಗ ಮೀಸಿ ಮೂಡೋ ಹೊತ್ತಿಗೆ ಕನ್ನಡ ಬಂತು:
"ಮಠದ ದಾಸೋಹಕ್ಕೆ, ಭಕ್ತಿಪೂರ್ವಕ."
ಉಳುವಾತಗ ಹೊಲ ಅಂತ ಸರಕಾರ ಹೊರಡಿಸಿದ ವರ್ಷ
ಹುಟ್ಟಿದ ಭಕ್ತಿ ಅದು.
ನಾನೂರು ಎಕರೆ ಮಠದ ಹೆಸರಿಗೆ ಹೋಗೂ ಮುಂದ
ಜೋಡಿಗೆ ಹೋತು ಕೊಪ್ಪರಿಗಿ.
ಸ್ವಾಮಿಗಳು ದೇಸಾಯರಿಗೆ ಸೋದರಳಿಯ ಆಗಬೇಕು.

ಹೆಸರು ಕಂಠದಾಗ,
ಬೆಂಕಿ ತಳದಾಗ.

ಅಜ್ಜನ ಕೂಲಿ ವರ್ಷಕ್ಕೊಮ್ಮೆ, ರಾಶಿ ಕಣದಾಗ,
ಎಂಟು ಸೇರು ಬಿಳಿಜೋಳ. ಅಳೆಯೋ ಸೇರು ಅವರದು.
ಅದರ ತಳಾನ ಬಡದು ತುಸು ಮ್ಯಾಲಕ್ಕ ಎಬ್ಬಿಸಿದಾಂವ
ನಮ್ಮಪ್ಪನಽ. ಹೇಳಿದರು, ಮಾಡಿದ.
ಊರಿಗೆಲ್ಲ ಬೆರಳಷ್ಟು ಕಮ್ಮಿ. ನಮಗೂ.
ಡೋಣಿ ಬೆಳೆದರ ಓಣಿಯೆಲ್ಲ ಜೋಳ ಅಂತಾರ;
ಯಾವ ಓಣಿ ಅಂತ ಯಾರೂ ಹೇಳಂಗಿಲ್ಲ.

ಮೊನ್ನೆ ಫೋನ್ ಬಂತು.
ದೇಸಾಯರ ಮೊಮ್ಮಗ, ಸಕ್ಕರಿ ಕಾರ್ಖಾನಿ ಚೇರಮನ್ನ,
ಮಗನ್ನ ಇಲೆಕ್ಷನ್ನಿಗೆ ನಿಲ್ಲಸಾಂವ,
ಮಠದಾಗ ಐದು ಸಾವಿರ ಮಂದಿಗೆ ಊಟ.
"ಸ್ಟೀಲಿನ ಪಾತೇಲಿ ಬೇಕಾದಷ್ಟು ಅದಾವ, ದಾವಲಸಾಬ.
ಆದರ ಹಿರಿಯರ ಕೊಪ್ಪರಿಗ್ಯಾಗ ಕುದ್ದ ಹುಗ್ಗಿ ತೂಕಾನಽ ಬ್ಯಾರೆ.
ಆ ಉರ್ದು ಸಾಲು ಇಷ್ಟು ತಿಕ್ಕಿ ಸಪಾಟ ಮಾಡು,
ಆ ಜಾಗಾಕ್ಕ ಹುಡುಗನ ಹೆಸರು ಕೆತ್ತು."

ಉರ್ದು ಅಲ್ರಿ, ಫಾರ್ಸಿ, ಅಂದೆ.
"ಎಲ್ಲಾ ಒಂದಽ" ಅಂದ.

ಒಂದಽ ಅಲ್ರಿ ಧಣಿ,
ನಿಮ್ಮ ಮೂಲಪುರುಷಗ ಈ ಹೊಲಾ, ಈ ವಾಡೆ,
ಈ "ದೇಸಾಯಿ" ಅನ್ನೋ ಶಬ್ದಾನೂ ಕೊಟ್ಟದ್ದು
ಆ ಸಾಲು ಬರೆದ ಕೈನಽ, ಅನ್ನಬೇಕಂದೆ.
ಐನೂರು ಹೆಚ್ಚಿಗಿ ಕೇಳಿದೆ.
ಕೊಟ್ಟ.

ಅರ್ಧ ತಾಸು ಹಿಡೀತು ಮುನ್ನೂರು ವರ್ಷ ಅಳಸಾಕ.
ಕಾನಸು ಸವೀತು, ನನ್ನ ಹೆಬ್ಬೆರಳು ಸವೀತು,
ಅಜ್ಜ ಸತ್ತದ್ದು ಚೊಲೊ ಆತು ಅನ್ನಿಸಿತು.
ಆಮ್ಯಾಲ ತವರ, ನವಸಾಗರ, ಹತ್ತಿಯ ಉಂಡಿ;
ಕಣ್ಣಿಗೆ ಬಡಿಯೋ ಬಿಳೇ ಹೊಗಿ ಏಳತು,
ಹೊಗಿ ಸರಿದಾಗ ತಾಮ್ರ ಕಾಣಲಿಲ್ಲ.
ಕೂದಲಷ್ಟೂ ದಪ್ಪಿಲ್ಲದ ಒಂದು ಪದರ,
ಅದರ ಮ್ಯಾಲೆ ಐದು ಸಾವಿರ ಮಂದಿಯ ಪ್ರಸಾದ.

ಭಾಂಡೆ ತಿಕ್ಕೋ ಗಾಳೆವ್ವ ಬಂದು ಹಣಕಿದಳು.
ಆಕಿ ಪಂಕ್ತಿ ಯಾವಾಗಲೂ ಕಡೀಕ,
ಸೌಟು ತಳಕ್ಕ ಬಡಿದು ಸಪ್ಪಳ ಮಾಡೋ ಹೊತ್ತಿಗೆ.

"ಎಷ್ಟು ದಿನಾ ತಡೀತದೋ ಯಪ್ಪಾ ಇದು?"

ಹುಳಿ ಮುಟ್ಟೋತನಕ, ಅಂದೆ.

ಉಡಿಯಾಗಿನ ಹುಣಸಿಹಣ್ಣು ಕೈಯಾಗ ಹಿಡಿದು
ಹಿಂಗ, ಹಿಂಗ ಉಂಡಿ ಮಾಡಿದಳು.
"ತಿಕ್ಕಾಕಿ ನಾನಽ ಅಲ್ಲೇನು" ಅಂದಳು.